ಗಾಳಿಬೀಡಿಗೊಂದು ಎ.ಸಿ.

ನಮ್ಮ ಊರಿನ ಹೆಸರಿನಲ್ಲೇ ಗಾಳಿ ಇದೆ. ಜೂನ್ ಬಂತೆಂದರೆ ಛತ್ರಿ ಬಿಚ್ಚುವುದೇ ದಂಡ. ಬಿಚ್ಚಿದ ಕ್ಷಣದಲ್ಲಿ ಅದು ತಿರುಗಿ ನಿಂತು ಆಕಾಶಕ್ಕೆ ಬಟ್ಟಲು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಉಪ್ಪು ನೀರಾಗುತ್ತದೆ, ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ, ಶಾಲೆಯಲ್ಲಿ ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆಯೇ ಹೊರತು ಬರೆಯುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿಕೊಂಡು, ಹೊಗೆಯ ವಾಸನೆಯ ಸೀರೆಯುಟ್ಟು ಎಷ್ಟೋ ಮಳೆಗಾಲ ಪಾಠ ಮಾಡಿದವಳು ನಾನು. ಅಂಥ ಗಾಳಿಬೀಡಿಗೆ ಎ.ಸಿ. ಬರುತ್ತದೆ ಎಂದರೆ ಯಾರಿಗೆ ತಾನೆ ನಗು ಬರುವುದಿಲ್ಲ, ನೀವೇ ಹೇಳಿ. ನಮ್ಮ ಪಕ್ಕದ ಮನೆಯಾಕೆಯಂತೂ, “ಟೀಚರೇ, ಇನ್ನು ಕಾವೇರಿಗೆ ಕೊಡದಲ್ಲಿ ನೀರು ಹೊತ್ತುಹಾಕುವುದೊಂದು ಬಾಕಿ” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆದರೆ ಎ.ಸಿ. ಬಂತು. ಬಂದದ್ದು ನಮ್ಮದೇ ಮನೆಯ ಮದುವೆಯ ನೆಪದಿಂದ.

2023ರ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬೆಂಗಳೂರಿನವರು. ಒಳ್ಳೆಯ ಜನ, ವರದಕ್ಷಿಣೆ ಅಂತ ಬಾಯಿ ಬಿಡಲಿಲ್ಲ, ಒಡವೆಯ ಮಾತೆತ್ತಲಿಲ್ಲ. ಒಂದೇ ಒಂದು ಮಾತು ಕೇಳಿದರು: “ಹಾಲ್ ಎ.ಸಿ. ಇದೆಯಲ್ವಾ?” ಗಾಳಿಬೀಡಿನ ಕಡೆ ಈಗ ಎತ್ತ ನೋಡಿದರೂ ಹೋಂಸ್ಟೇ, ರೆಸಾರ್ಟು. ಅಂಥ ಒಂದರ ಮಾಲೀಕರು ನಮ್ಮ ಭಾವನಿಗೆ ಪರಿಚಯದವರು. ಇನ್ನೂರು ಜನ ಕೂರುವ ಹೊಸ ಹಾಲ್ ಕಟ್ಟಿಸುತ್ತಿದ್ದರು. “ನಿಮ್ಮ ಮದುವೆಗೆ ಎ.ಸಿ. ಓಡಿಸಿಯೇ ಕೊಡ್ತೇನೆ, ನಿಮ್ಮದೇ ಮೊದಲ ಬೋಣಿ” ಎಂದು ಮುಂಗಡ ತೆಗೆದುಕೊಂಡರು. ಭಾವ ಆ ಮಾತನ್ನು ಬೀಗರಿಗೆ ತಲುಪಿಸಿಯೂ ಬಿಟ್ಟರು. ಲಗ್ನಪತ್ರಿಕೆಯಲ್ಲಿ ಹಾಲಿನ ಹೆಸರಿನ ಕೆಳಗೆ ‘ಹವಾನಿಯಂತ್ರಿತ’ ಎಂದು ಅಚ್ಚಾಯಿತು.

ಮದುವೆ ಭಾನುವಾರ. ಗುರುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿದಳು. “ನೀನು ಅಲ್ಲೇ ಹತ್ತಿರದಲ್ಲಿದ್ದೀಯ, ಒಂದು ಸಲ ಹೋಗಿ ನೋಡಿ ಬಾ ಮಾರಾಯ್ತಿ. ಇವರಿಗೆ ರಾತ್ರಿ ನಿದ್ದೆಯಿಲ್ಲ.” ಹೋದೆ. ಹಾಲಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಸೂರಿನ ಚೌಕಟ್ಟಿನಲ್ಲಿ ನಾಲ್ಕು ಕಡೆ ಚೌಕಾಕಾರದ ಯಂತ್ರಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅವಕ್ಕೆ ‘ಕ್ಯಾಸೆಟ್’ ಎನ್ನುತ್ತಾರಂತೆ. ನಮ್ಮ ಕಾಲದ ಭಾವಗೀತೆಯ ಕ್ಯಾಸೆಟ್ಟಿಗೂ ಇದಕ್ಕೂ ಏನು ಸಂಬಂಧವೋ ಕಾಣೆ. ನೆಲದ ಮೇಲೆ ತಾಮ್ರದ ಕೊಳವೆಯ ಸುರುಳಿಗಳು, ಹೊಸ ಕೊಡಗಳ ಹಾಗೆ ಹೊಳೆಯುತ್ತಾ ಬಿದ್ದಿದ್ದವು. ಏಣಿಯ ಮೇಲೊಬ್ಬ, ಕೆಳಗಿಬ್ಬರು ಹುಡುಗರು. ನಾನು ಬಾಗಿಲಲ್ಲೇ ನಿಂತು, “ಭಾನುವಾರಕ್ಕೆ ಮುಗಿಯುತ್ತೇನಪ್ಪಾ?” ಎಂದು ಕೂಗಿದೆ. ಏಣಿಯ ಮೇಲಿದ್ದವನು ತಿರುಗಿ ನೋಡಿ, ದಡದಡ ಇಳಿದು ಬಂದು, ಕೈ ಒರೆಸಿಕೊಂಡು, ಕೈಗಳನ್ನು ಹಿಂದೆ ಕಟ್ಟಿ ನಿಂತ.

“ನಮಸ್ಕಾರ ಟೀಚರ್.”

ಗಡ್ಡ ಬಂದಿದೆ, ಹಣೆಯ ಕೂದಲು ಸ್ವಲ್ಪ ಹಿಂದೆ ಸರಿದಿದೆ. ಆದರೆ ಕೈ ಹಿಂದೆ ಕಟ್ಟಿ, ಒಂದು ಭುಜ ತಗ್ಗಿಸಿ ನಿಲ್ಲುವ ಆ ನಿಲುವಿನಿಂದ ಗುರುತು ಸಿಕ್ಕಿತು. ಮೂರನೆಯ ಬೆಂಚು, ಕಿಟಕಿಯ ಪಕ್ಕ.

ಇವನ ವಿಷಯ ನಾನು ಬೇರೆಯವರಿಗೆ ಬಹಳ ಸಲ ಹೇಳಿದ್ದೇನೆ. 2005ರಲ್ಲಿ ಎಂಟನೆಯ ತರಗತಿಗೆ ಬಂದ. ಆಗ ನಾನಿದ್ದ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿ. ಬಿ.ಎ., ಬಿ.ಎಡ್. ಓದಿದ ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಬೇರೆ ಯಾರೂ ಇಲ್ಲವೆಂದು ವಿಜ್ಞಾನವೂ ನನ್ನ ತಲೆಗೇ ಬಂತು. ರಾತ್ರಿ ಓದಿಕೊಂಡು ಬೆಳಿಗ್ಗೆ ಒಪ್ಪಿಸುತ್ತಿದ್ದೆ. ಒಂದು ದಿನ ಇವನು ಎದ್ದು ನಿಂತು ಕೇಳಿದ: “ಟೀಚರ್, ತಣ್ಣೀರು ತುಂಬಿದ ಲೋಟದ ಹೊರಗಡೆ ನೀರು ಎಲ್ಲಿಂದ ಬರ್ತದೆ?” ನನಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. “ನಿಮ್ಮ ಮನೆ ಲೋಟ ತೂತಾಗಿರಬೇಕು, ಕೂತ್ಕೊ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆ ಮೇಲೆ ಅವನು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ, ಇಂಗ್ಲಿಷು ಎರಡೂ ಹೋದವು. ಮರುಪರೀಕ್ಷೆಯಲ್ಲಿ ದಾಟಿದ. ಆಗ ನಾನು ಅವರ ಮನೆಗೆ ಹೋಗಿ ಅವನ ತಾಯಿಗೆ, “ಓದು ಇವನ ತಲೆಗೆ ಹತ್ತುವುದಿಲ್ಲಮ್ಮ. ಯಾವುದಾದರೂ ಕೈಕೆಲಸಕ್ಕೆ ಹಾಕಿ” ಎಂದು ಹೇಳಿ ಬಂದೆ. ಹುಡುಗ ಐ.ಟಿ.ಐ. ಸೇರಿದ, ಫ್ರಿಜ್ಜು-ಎ.ಸಿ. ಟ್ರೇಡು ಕಲಿತ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ದುಡಿದು ಸ್ವಂತ ಗುತ್ತಿಗೆ ಹಿಡಿಯುವ ಮಟ್ಟಕ್ಕೆ ಬಂದ ಎಂದು ಆಮೇಲೆ ಕೇಳಿ ತಿಳಿದಿದ್ದೆ. ಹೊಸ ಶಿಕ್ಷಕಿಯರಿಗೆ ನಾನು ಈ ಕಥೆಯನ್ನು ಉದಾಹರಣೆಯಾಗಿ ಹೇಳುತ್ತಿದ್ದೆ. ಮಗುವಿನ ಒಲವು ಗುರುತಿಸಿ ದಾರಿ ತೋರಿಸಬೇಕು ಎಂದು. ಲೋಟದ ಕಥೆಯನ್ನು ಮಾತ್ರ ಹೇಳುತ್ತಿರಲಿಲ್ಲ.

“ಕೂತ್ಕೊಳ್ಳಿ ಟೀಚರ್” ಎಂದು ಒಂದು ಕುರ್ಚಿಯ ಧೂಳು ಹೊಡೆದು ಹಾಕಿದ. ಅವತ್ತಿನಿಂದ ಶನಿವಾರದವರೆಗೆ ನಾನು ಆ ಕುರ್ಚಿಯಲ್ಲಿ ಕೂತದ್ದೇ ಹೆಚ್ಚು. ಅಕ್ಕನಿಗೆ ಸುದ್ದಿ ಕೊಡಬೇಕು ಎಂಬುದು ನೆಪ. ನೋಡುತ್ತಾ ನೋಡುತ್ತಾ ನನಗೇ ರುಚಿ ಹತ್ತಿತು.

ಎ.ಸಿ. ಎಂದರೆ ಒಳಗೆ ತಂಪು ತರುವ ಯಂತ್ರ ಎಂದುಕೊಂಡಿದ್ದೆ. ಹಾಗಲ್ಲವಂತೆ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಯಂತ್ರ ಅದು. ಹೊರುವ ಕೆಲಸ ಕೊಳವೆಯೊಳಗಿನ ಅನಿಲದ್ದು. ಒಂದೊಂದು ಯಂತ್ರಕ್ಕೆ ಎರಡೆರಡು ತಾಮ್ರದ ಕೊಳವೆ: ಬಳಪದ ದಪ್ಪದ್ದೊಂದು, ಬೆರಳಿನ ದಪ್ಪದ್ದೊಂದು. ಸಣ್ಣದರಲ್ಲಿ ಆ ಅನಿಲ ದ್ರವವಾಗಿ ಬರುತ್ತದೆ. ಹಾಲಿನ ಮೇಲಿನ ಯಂತ್ರದಲ್ಲಿ ಒಮ್ಮೆಲೇ ಸಡಿಲ ಬಿಟ್ಟಾಗ ಆವಿಯಾಗುತ್ತದೆ. ಇಂಜೆಕ್ಷನ್ನಿಗೆ ಮುಂಚೆ ನರ್ಸು ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುವುದಿಲ್ಲವೇ, ಹಾಗೆ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಬಿಸಿ ಹೊತ್ತ ಆವಿ ದೊಡ್ಡ ಕೊಳವೆಯಲ್ಲಿ ಹೊರಗಿನ ಕಂಪ್ರೆಸರಿಗೆ ಮರಳುತ್ತದೆ. ಅಲ್ಲಿ ಅದುಮಿಸಿಕೊಂಡು, ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ಪುನಃ ದ್ರವವಾಗುತ್ತದೆ. ಕಂಪ್ರೆಸರಿನ ಎಣ್ಣೆಯೂ ಅಷ್ಟಿಷ್ಟು ಅದರ ಜೊತೆ ಹೊರಟುಬಿಡುತ್ತದಂತೆ. ಹೊರಗಿನ ಯಂತ್ರ ಎತ್ತರದಲ್ಲಿದ್ದರೆ ಆ ಎಣ್ಣೆ ಮೇಲಕ್ಕೆ ಹತ್ತಲಾರದೆ ಕೆಳಗೇ ನಿಂತುಬಿಡಬಾರದೆಂದು, ಏರುವ ಕೊಳವೆಯ ಬುಡದಲ್ಲಿ ಒಂದು ಬಾಗು ಕೊಡುತ್ತಾರೆ. “ಹೋದ ಎಣ್ಣೆ ವಾಪಸ್ ಬರಲೇಬೇಕು ಟೀಚರ್. ಇಲ್ಲದಿದ್ರೆ ಕಂಪ್ರೆಸರ್ ಒಣಗಿ ಸಾಯ್ತದೆ.”

ಇದೆಲ್ಲ ಪುಸ್ತಕದಲ್ಲೂ ಸಿಗುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಅವನ ಮಡಿ. ಹೌದು, ಮಡಿಯೇ. ಕೊಳವೆಯ ಸುರುಳಿಯನ್ನು ಬೇಕಾದಷ್ಟೇ ಕತ್ತರಿಸಿ ತಕ್ಷಣ ಎರಡೂ ತುದಿಗೆ ಮುಚ್ಚಳ ಹಾಕುತ್ತಿದ್ದ. ಗೋಡೆಯ ತೂತಿನಲ್ಲಿ ಕೊಳವೆ ತೂರಿಸುವಾಗಲಂತೂ ಮುಚ್ಚಳದ ಮೇಲೆ ಟೇಪು ಸುತ್ತಿ ತೂರಿಸುತ್ತಿದ್ದ. ಕತ್ತರಿಸಿದ ಅಂಚಿನ ಮುಳ್ಳು ತೆಗೆಯುವಾಗ ತುದಿಯನ್ನು ನೆಲದ ಕಡೆ ಬಾಗಿಸಿಯೇ ಕೆರೆಯಬೇಕು, ಚೂರೊಂದೂ ಒಳಗೆ ಬೀಳಬಾರದು. ಒಬ್ಬ ಸಹಾಯಕ ಹುಡುಗ ಮುಚ್ಚಳ ಹಾಕದೆ ಟೀ ಕುಡಿಯಲು ಹೋದದ್ದಕ್ಕೆ ಆ ತುಂಡನ್ನೇ ಪಕ್ಕಕ್ಕಿಟ್ಟ. “ಹೊರಗೆ ಮಳೆ ಹನೀತಾ ಇತ್ತು. ಒಳಗೆ ಹಸಿ ಹೋಗಿರ್ತದೆ” ಎಂದ.

ಉಪ್ಪಿನಕಾಯಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭರಣಿಯನ್ನು ಬಿಸಿನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೈಯಲ್ಲಿ ಒಂದು ಹನಿ ನೀರಿಲ್ಲದೆ ತುಂಬಿಸುತ್ತೇವೆ. ಒದ್ದೆ ಚಮಚ ಒಂದು ಸಲ ಹೋದರೆ ವರ್ಷದ ಶ್ರಮ ಬೂಷ್ಟು. ಕೊಳವೆಯೊಳಗೆ ನೀರಿನಂಶ ಉಳಿದರೂ ಹಾಗೇ. ಅದು ಸಣ್ಣ ದ್ವಾರದಲ್ಲಿ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚಬಹುದು. ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಯಂತ್ರದ ಹೊಟ್ಟೆ ತಿನ್ನಬಹುದು. ಅದು ತಿಳಿಯುವುದು ಮಾತ್ರ ಒಂದೆರಡು ವರ್ಷ ಕಳೆದ ಮೇಲೆ, ಕೆಲಸ ಮಾಡಿದವನು ಯಾರು ಎಂಬುದೂ ಮರೆತ ಮೇಲೆ.

ಎರಡು ಕೊಳವೆ ಬೆಸೆಯುವಾಗ ಇನ್ನೊಂದು ಸೋಜಿಗ ಕಂಡೆ. ಬೆಂಕಿಯ ನಾಲಗೆ ಹೊರಗೆ. ಅದೇ ಹೊತ್ತಿಗೆ ಒಂದು ಸಿಲಿಂಡರಿನಿಂದ ಕೊಳವೆಯೊಳಗೆ ಸಣ್ಣಗೆ ನೈಟ್ರೋಜನ್ ಹರಿಸುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ ಎರಡು ತುಂಡು ಸೀಳಿ ತೋರಿಸಿದ. ನೈಟ್ರೋಜನ್ ಇಲ್ಲದೆ ಬೆಸೆದದ್ದರ ಒಳಮೈ ಲಾಟೀನಿನ ಗಾಜಿನಂತೆ ಕಪ್ಪಾಗಿ ಹಕ್ಕಳೆ ಎದ್ದಿತ್ತು. ಇನ್ನೊಂದರ ಒಳಗೆ ತಾಮ್ರ ಕೆಂಪಗೆ, ಹಾಗೇ ಇತ್ತು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. “ಇದನ್ನ ಮಾಡದಿದ್ರೆ ಯಾರಿಗೂ ಕಾಣೋದಿಲ್ಲ ಟೀಚರ್” ಎಂದ. ಮಾಲೀಕರು ಬಂದು ಆ ಸಿಲಿಂಡರ್ ನೋಡಿ, ಇದರ ಬಾಡಿಗೆ ಬೇರೆ ನನ್ನ ತಲೆಗೆ ಕಟ್ಟುತ್ತೀರಾ ಎಂದು ಗೊಣಗಿ ಹೋದರು.

ನಕ್ಕದ್ದೂ ಉಂಟು. ಯಂತ್ರದ ಹತ್ತಿರ ಬೆಸುಗೆಯಿಲ್ಲದೆ ನಟ್ಟಿನಿಂದ ಜೋಡಿಸುತ್ತಾರೆ. ಅದಕ್ಕೆ ಕೊಳವೆಯ ಬಾಯನ್ನು ಲಾಳಿಕೆಯಂತೆ ಅಗಲಿಸಬೇಕು, ಅದೇ ಫ್ಲೇರ್. ಬಾಯಿ ಅಗಲಿಸುವ ಮೊದಲು ನಟ್ಟನ್ನು ಕೊಳವೆಗೆ ಪೋಣಿಸಿಕೊಂಡಿರಬೇಕು. ಮರೆತರೆ ಆಮೇಲೆ ನಟ್ಟು ಒಳಗೆ ಹೋಗುವುದಿಲ್ಲ, ಕತ್ತರಿಸಿ ಮತ್ತೆ ಮೊದಲಿನಿಂದ. ಹೊಸ ಹುಡುಗ ಸೊಗಸಾಗಿ ಫ್ಲೇರ್ ಮಾಡಿ ಹೆಮ್ಮೆಯಿಂದ ತೋರಿಸಿದಾಗ ನಟ್ಟು ಅವನ ಜೇಬಿನಲ್ಲೇ ಇತ್ತು. “ನಾನೂ ಹೀಗೇ ಲೆಕ್ಕವಿಲ್ಲದಷ್ಟು ಪೈಪ್ ಕತ್ತರಿಸಿದ್ದೇನೆ, ತಗೊ, ಇನ್ನೊಂದ್ಸಲ ಮಾಡು” ಎಂದನೇ ಹೊರತು ಇವನು ಗದರಲಿಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತೆ.

ಗಾಳಿಬೀಡಿಗೆ ಎ.ಸಿ. ಯಾಕೆ ಎಂದು ನಕ್ಕವರ ಮಾತಿಗೆ ಒಂದು ಉತ್ತರವೂ ಸಿಕ್ಕಿತು. ಈಗಿನ ಎ.ಸಿ.ಯ ಮೂಲ ತಂಪಿಗಲ್ಲ, ಹಸಿಗೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಒತ್ತುವ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ಇಳಿಸುವುದಕ್ಕೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಹೂಡಿದ ಉಪಾಯವೇ ಮುಂದೆ ಎ.ಸಿ. ಆಯಿತು. ಜುಲೈ ತಿಂಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಉತ್ತರಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ತಿದ್ದಿದ ನನಗೆ ಆ ಮುದ್ರಣಾಲಯದವರ ಕಷ್ಟ ಅರ್ಥವಾಗುತ್ತದೆ. ಬಾಗಿಲು ಮುಚ್ಚಿದ ಹಾಲಿನಲ್ಲಿ ಇನ್ನೂರು ಜನರ ಉಸಿರು, ಬಿಸಿ ಅನ್ನದ ಹಬೆ, ಒದ್ದೆ ಛತ್ರಿಗಳು ಎಲ್ಲ ಸೇರಿದರೆ ಗಾಳಿಬೀಡೂ ಬೆವರುತ್ತದೆ.

ಶುಕ್ರವಾರ ಸಂಜೆಗೆ ಜೋಡಣೆ ಮುಗಿಯಿತು. ಇನ್ನೇನು, ಅನಿಲ ತುಂಬಿಸಿ ಗುಂಡಿ ಒತ್ತುವುದು ಎಂದು ಅಕ್ಕನಿಗೆ ಫೋನು ಮಾಡಲು ಎದ್ದೆ. “ಇಲ್ಲ ಟೀಚರ್, ಇವತ್ತು ರಾತ್ರಿ ಪ್ರೆಷರ್‌ನಲ್ಲಿ ಇಡಬೇಕು” ಎಂದ. ನಾಲ್ಕೂ ಜೋಡಿ ಕೊಳವೆಗಳಿಗೆ ನೈಟ್ರೋಜನ್ ತುಂಬಿಸಿದ. ಒಮ್ಮೆಗೇ ಅಲ್ಲ, ಸ್ವಲ್ಪ ತುಂಬಿ, ನಿಂತು ನೋಡಿ, ಮತ್ತೆ ಸ್ವಲ್ಪ. ಕಡೆಗೆ ಗೇಜಿನ ಮುಳ್ಳು 550 ಪೌಂಡಿಗೆ ನಿಂತಿತು. ಈ ಕೆಲಸಕ್ಕೆ ಆಮ್ಲಜನಕ ಮಾತ್ರ ಬಳಸಲೇಬಾರದು, ಎಣ್ಣೆ ತಾಗಿದರೆ ಸಿಡಿಯುತ್ತದೆ ಎಂದು ಹುಡುಗರಿಗೆ ನೂರನೆಯ ಸಲವೆಂಬಂತೆ ಹೇಳಿದ. ಒಂದು ರಟ್ಟಿನ ಮೇಲೆ ಬರೆದಿಟ್ಟ: ಸಂಜೆ ಆರು ಗಂಟೆ, 28 ಡಿಗ್ರಿ, 550. ಆ 28 ಡಿಗ್ರಿ ಯಾಕೆ ಬರೆದ ಎಂದು ನನಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಹೋದಾಗ ಎಲ್ಲರ ಮುಖ ಸಪ್ಪೆ. ನಾಲ್ಕೂ ಮುಳ್ಳು ಇಳಿದಿದ್ದವು. ಮಾಲೀಕರು ತಲೆ ಮೇಲೆ ಕೈ ಹೊತ್ತಿದ್ದರು. ಇವನು ಗೋಡೆಯ ತಾಪಮಾಪಕ ನೋಡಿದ, 18 ಡಿಗ್ರಿ. ರಟ್ಟಿನ ಮೇಲೆ ಲೆಕ್ಕ ಹಾಕತೊಡಗಿದ. ಗಣಿತದಲ್ಲಿ ಫೇಲಾದ ಹುಡುಗ! ಬಿಗಿಯಾದ ಪಾತ್ರೆಯಲ್ಲಿ ಅನಿಲ ತಣ್ಣಗಾದರೆ ಒತ್ತಡವೂ ಇಳಿಯಬೇಕು. ಹತ್ತು ಡಿಗ್ರಿಗೆ ಸುಮಾರು 19 ಪೌಂಡು. ಮೂರು ಗೇಜು 531ರ ಆಸುಪಾಸಿನಲ್ಲಿದ್ದವು. “ಈ ಮೂರೂ ಚಳಿಗೆ ಇಳಿದದ್ದು, ಸರಿ ಇವೆ. ನಾಲ್ಕನೇದು 505. ಇದು ಚಳಿಯಲ್ಲ, ಲೀಕು.” ಮಾಲೀಕರು, “ಚಳಿಗೇ ಇಳೀತು ಅಂತ ನೀನೇ ಹೇಳ್ತೀಯಲ್ಲ ಮಾರಾಯ, ಇದಕ್ಕೆ ಸ್ವಲ್ಪ ಜಾಸ್ತಿ ಚಳಿಯಾಗಿರಬೇಕು” ಎಂದರು. ಇವನು ಮಾತು ಬೆಳೆಸದೆ ಮಧ್ಯಾಹ್ನದವರೆಗೆ ಕಾದ. ಬಿಸಿಲೇರಿ ಮತ್ತೆ 28 ಡಿಗ್ರಿಯಾದಾಗ ಮೂರು ಮುಳ್ಳುಗಳು ತಾವಾಗಿಯೇ 550ಕ್ಕೆ ಮರಳಿದವು. ನಾಲ್ಕನೆಯದು ಮರಳಲಿಲ್ಲ.

ಈಗ ನನ್ನ ಪಾತ್ರ ಹೇಳಬೇಕು. ಮಾಲೀಕರು ನನ್ನ ಹತ್ತಿರ ಬಂದು ಮೆಲ್ಲಗೆ, “ನೀವೊಂದು ಮಾತು ಹೇಳಿ ಟೀಚರೇ. ಗ್ಯಾಸ್ ತುಂಬಿಸಿ ನಾಳೆ ಒಂದು ದಿನ ಓಡಿಸಿಬಿಡಲಿ. ಸೋರಿದರೂ ಒಂದು ದಿನಕ್ಕೇನು? ಮದುವೆ ಆದ ಮೇಲೆ ನಿಧಾನಕ್ಕೆ ಸರಿ ಮಾಡಲಿ” ಎಂದರು. ನನಗೆ ಭಾವನ ಮುಖ, ಲಗ್ನಪತ್ರಿಕೆಯ ಆ ಅಕ್ಷರಗಳು ಕಣ್ಣಿಗೆ ಕಟ್ಟಿದವು. ಎದ್ದು ಹೋಗಿ ಹೇಳಿದೆ. ಸುಮ್ಮನೆ ಹೇಳಲಿಲ್ಲ, “ನಿನ್ನ ಟೀಚರ್ ಕೇಳ್ತಾ ಇದ್ದೇನೆ ಕಣೋ” ಎಂದೆ. ಕೈಯಲ್ಲಿ ಬೆತ್ತವಿಲ್ಲದಿದ್ದರೂ ದನಿಯಲ್ಲಿತ್ತು.

ಅವನು ಕೈ ಹಿಂದೆ ಕಟ್ಟಿ ನಿಂತ. “ಆಗೋದಿಲ್ಲ ಟೀಚರ್.”

“ಯಾಕೆ ಆಗೋದಿಲ್ಲ?”

“ಲೀಕ್ ಇದೆ ಅಂತ ಗೊತ್ತಿದ್ದೂ ಗ್ಯಾಸ್ ತುಂಬಿಸೋದು ತಪ್ಪು. ಇದು 410ಎ. ಒಂದು ಕಿಲೋ ಆಕಾಶಕ್ಕೆ ಹೋದ್ರೆ ಎರಡು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಮೊದಲಿನ 22 ನಂಬರಿನದು ಓಝೋನ್ ಹಾಳು ಮಾಡ್ತಿತ್ತು. ಇದು ಅದನ್ನ ಮುಟ್ಟೋದಿಲ್ಲ, ಆದರೆ ಭೂಮಿನ ಬಿಸಿ ಮಾಡ್ತದೆ. ನೀವೇ ಪಾಠ ಮಾಡಿದ್ರಲ್ಲ, ಮಾಂಟ್ರಿಯಲ್ ಒಪ್ಪಂದ.”

ಮಾಡಿದ್ದೆ. ‘ಮಾಂಟ್ರಿಯಲ್ ಒಪ್ಪಂದವಾದ ವರ್ಷ ಯಾವುದು? ಉತ್ತರ: 1987.’ ಒಂದು ಅಂಕದ ಪ್ರಶ್ನೆ. ಅದನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. 2016ರಲ್ಲಿ ಆಫ್ರಿಕಾದ ಕಿಗಾಲಿಯಲ್ಲಿ ಆ ಒಪ್ಪಂದಕ್ಕೆ ತಿದ್ದುಪಡಿಯಾಗಿ ಈ ಬಿಸಿ ಏರಿಸುವ ಅನಿಲಗಳನ್ನೂ ಹಂತ ಹಂತವಾಗಿ ಇಳಿಸಬೇಕೆಂದು ಜಗತ್ತು ಒಪ್ಪಿದ್ದು, 2021ರಲ್ಲಿ ನಮ್ಮ ದೇಶವೂ ಅದಕ್ಕೆ ಅಂಕಿತ ಹಾಕಿದ್ದು ನನಗೆ ಗೊತ್ತಿತ್ತು. ಆದರೆ ಆ ಒಪ್ಪಂದ ಗಾಳಿಬೀಡಿನ ಮದುವೆ ಹಾಲಿನಲ್ಲಿ, ಒಂದು ಸಡಿಲ ನಟ್ಟಿನ ಮುಂದೆ ನನ್ನನ್ನೇ ತಡೆದು ನಿಲ್ಲಿಸೀತೆಂದು ಎಣಿಸಿರಲಿಲ್ಲ. ತಿರುಗಿ ಬಂದು ಕುರ್ಚಿಯಲ್ಲಿ ಕೂತೆ. ಮಾಲೀಕರು ಸಿಟ್ಟಿನಿಂದ, ಕೊನೆಯ ಕಂತು ತಡೆಹಿಡಿಯುತ್ತೇನೆ ಎಂದರು. “ಆಗಲಿ ಸಾರ್” ಎಂದು ಇವನು ಏಣಿ ಎತ್ತಿಕೊಂಡ.

ಸೋರಿಕೆ ಹುಡುಕಿದ್ದು ಸೋಪಿನ ನೊರೆಯಿಂದ, ನಾವು ಗ್ಯಾಸ್ ಒಲೆಯ ರಬ್ಬರ್ ಪೈಪಿಗೆ ಹಚ್ಚಿ ನೋಡುವ ಹಾಗೆಯೇ. ಎಲ್ಲ ಗಂಟುಗಳಿಗೂ ಹಚ್ಚಿ ಹಚ್ಚಿ, ನಾಲ್ಕನೆಯ ಯಂತ್ರದ ಮೇಲೆ, ಫಾಲ್ಸ್ ಸೀಲಿಂಗಿನ ಹಲಗೆ ಮುಚ್ಚಿಬಿಟ್ಟಿದ್ದ ಜಾಗದಲ್ಲಿ ಸಿಕ್ಕಿತು. ಹಲಗೆಯನ್ನು ಚೌಕವಾಗಿ ಕತ್ತರಿಸಿ ತೆಗೆಯಬೇಕಾಯಿತು. ಸಾಸಿವೆ ಕಾಳಿನಷ್ಟು ಗುಳ್ಳೆ, ಬರುವುದು, ಒಡೆಯುವುದು. ನಟ್ಟು ಬಿಚ್ಚಿ ನೋಡಿದರೆ ಫ್ಲೇರಿನ ಅಂಚಿನಲ್ಲಿ ಕೂದಲಿನಷ್ಟು ಬಿರುಕು. ಸಹಾಯಕ ಹುಡುಗ ಸಡಿಲವಾಗದಿರಲೆಂದು ಅಳತೆಯ ಪಾನ ಬಿಟ್ಟು ಕೈಬಲದಿಂದ ತಿರುಗಿಸಿದ್ದನಂತೆ. “ಜಾಸ್ತಿ ಬಿಗಿ ಮಾಡಿದ್ದಕ್ಕೇ ಸೀಳಿದ್ದು” ಎಂದು ಇವನು ಆ ತುದಿಯನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದ. ತೆಳ್ಳನೆಯ ತಾಮ್ರ, ಮೂಗುತಿಯಷ್ಟು ಹಗುರ.

ಆ ಜೋಡಿಯನ್ನು ಹೊಸದಾಗಿ ಮಾಡಿ ಮತ್ತೆ ಒಂದು ರಾತ್ರಿ ಒತ್ತಡದಲ್ಲಿ ಇಡಬೇಕು. ಅಲ್ಲಿಗೆ ಭಾನುವಾರಕ್ಕೆ ನಾಲ್ಕನೆಯದು ಇಲ್ಲ. ಉಳಿದ ಮೂರನ್ನಾದರೂ ಓಡಿಸಿ ಕೊಡುತ್ತೇನೆ ಎಂದು ಸಂಜೆ ವ್ಯಾಕ್ಯೂಂ ಪಂಪು ಹಚ್ಚಿದ. ಹುಡುಗರನ್ನು ಊಟಕ್ಕೆ ಕಳಿಸಿ, ಪಂಪಿನ ಪಕ್ಕ ನೆಲದ ಮೇಲೆ ಕೂತ. ಪಂಪು ಹಳೆಯ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಸದ್ದು ಮಾಡುತ್ತಿತ್ತು.

ಸಮುದ್ರಮಟ್ಟದಲ್ಲಿ ವಾಯುಭಾರ 760 ಮಿಲಿಮೀಟರು ಪಾದರಸ ಎಂದು ಭೂಗೋಳದಲ್ಲಿ ಹೇಳಿಕೊಡುತ್ತೇವೆ. ಆ ಪಂಪು ಕೊಳವೆಯೊಳಗಿನದನ್ನು ಅರ್ಧ ಮಿಲಿಮೀಟರಿಗೆ ಇಳಿಸಬೇಕಿತ್ತು. ನಮ್ಮಂಥ ಎತ್ತರದ ಊರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ನೀರು ನೂರು ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ, ಬೇಳೆ ಬೇಯಲು ತಡವಾಗುತ್ತದೆ. ಭಾರವನ್ನು ಇಳಿಸುತ್ತಾ ಹೋದರೆ, ಬೆಂಕಿಯೇ ಇಲ್ಲದೆ ನೀರು ತಣ್ಣಗಿದ್ದಲ್ಲೇ ಕುದಿದು ಆವಿಯಾಗುತ್ತದೆ. ಕೊಳವೆಯೊಳಗೆ ಅಡಗಿ ಕೂತ ಕೊನೆಯ ಹಸಿಯನ್ನು ಹಾಗೆ ಕುದಿಸಿ ಹೀರಿ ತೆಗೆಯುತ್ತಾರೆ. ಹೊರಗೆ ಮಳೆ ಹಿಡಿದಿತ್ತು. ಗಾಳಿಬೀಡಿನ ಅಷ್ಟೂ ನೀರಿನ ನಡುವೆ ಇವನು ಒಣಗಿದ ಒಂದು ಎಳೆ ಜಾಗ ಮಾಡುತ್ತಾ ಕೂತಿದ್ದ.

ಆ ಸದ್ದಿನಲ್ಲಿ ಮಾತು ಸುಲಭವಾಯಿತು. ಲೋಟದ ಕಥೆ ತೆಗೆದೆ. ಅವತ್ತು ನಿನ್ನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ, ಗಾಳಿಯಲ್ಲಿರುವ ತೇವ ತಣ್ಣನೆ ಲೋಟಕ್ಕೆ ತಾಗಿ ನೀರಾಗುತ್ತದೆ ಎಂದು ಹೇಳಬೇಕಿತ್ತು, ನಿನ್ನನ್ನು ನಗೆಪಾಟಲು ಮಾಡಿಬಿಟ್ಟೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ನಂಗೆ ನೆನಪೇ ಇಲ್ಲ ಟೀಚರ್” ಎಂದ. ಸುಳ್ಳು ಹೇಳುವ ಮುಖವಲ್ಲ. ಈ ಕರಿ ರಬ್ಬರಿನ ತೋಳು ಪ್ರತಿ ಪೈಪಿಗೂ ಬೇರೆ ಬೇರೆ ತೊಡಿಸುವುದು ಅದಕ್ಕೇ, ಇಲ್ಲದಿದ್ದರೆ ಪೈಪು ಬೆವರಿ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ ಎಂದು ವಿವರಿಸತೊಡಗಿದ. ನನ್ನ ಎದೆಯಿಂದ ಹದಿನೆಂಟು ವರ್ಷದ ಕಲ್ಲೊಂದು ಇಳಿದ ಹಾಗಾಯಿತು. ಆ ಹಗುರದಲ್ಲಿ ನಾನು ಇನ್ನೊಂದು ಮಾತಾಡಿದೆ.

“ಆದರೂ ನೋಡು, ಐ.ಟಿ.ಐ.ಗೆ ಹೋಗೋ ದಾರಿ ತೋರಿಸಿದ್ದು ನಾನೇ. ನಿಮ್ಮಮ್ಮನಿಗೆ ಹೇಳಿ ಬಂದಿದ್ದೆ.”

ಅವನು ಗೇಜಿನ ಮೇಲಿನ ಕಣ್ಣು ತೆಗೆಯಲಿಲ್ಲ.

“ಅದು ನೆನಪಿದೆ ಟೀಚರ್. ಅಮ್ಮ ಮೂರು ದಿನ ಊಟ ಮಾಡಲಿಲ್ಲ. ಬರೀ ಅಳೋದು. ಟೀಚರೇ ಮನೆಗೆ ಬಂದು ನಿನ್ನ ತಲೆಗೆ ಓದು ಹತ್ತಲ್ಲ ಅಂದ್ರು ಅಂತ. ಐ.ಟಿ.ಐ. ವಿಷಯ ನಂಗೆ ಹೇಳಿದ್ದು ನಮ್ಮ ಮಾವ. ಅವರು ಮೈಸೂರಿನಲ್ಲಿ ವೈಂಡಿಂಗ್ ಕೆಲಸ ಮಾಡ್ತಿದ್ರು.”

ದನಿಯಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. ಆಮೇಲೆ ಎದ್ದು ಕವಾಟ ತಿರುಗಿಸಿ ಪಂಪು ನಿಲ್ಲಿಸಿ, “ಈಗ ಹೀಗೇ ಬಿಟ್ಟು ನೋಡಬೇಕು, ಮುಳ್ಳು ಏರಬಾರದು” ಎಂದ. ನಾವಿಬ್ಬರೂ ಮಾತಿಲ್ಲದೆ ಆ ಗೇಜನ್ನು ನೋಡುತ್ತಾ ಕೂತೆವು. ಅದು ಏರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಅನಿಲದ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಕೊಳವೆಯ ಉದ್ದಕ್ಕೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕಿ, ಚಿನಿವಾರನ ಹಾಗೆ ತೂಗಿ ಬಿಟ್ಟ.

ಮದುವೆ ಚೆನ್ನಾಗಿ ನಡೆಯಿತು. ಮೂರು ಯಂತ್ರ ಓಡಿದವು. ನಾಲ್ಕನೆಯದರ ಕೆಳಗೆ ಹಲಗೆ ಕಿತ್ತ ತೂತಿಗೆ ಹೂವಿನ ಮಾಲೆ ಇಳಿಬಿಟ್ಟೆವು. ಬೀಗರ ಕಡೆಯ ಒಬ್ಬ ಹಿರಿಯರು ಚಳಿ ಎಂದು ಶಾಲು ಕೇಳಿ ಪಡೆದರು. ಊಟದ ಹೊತ್ತಿಗೆ ಯಾರೋ ಮಕ್ಕಳು ಹಿಂದಿನ ಬಾಗಿಲು ತೆಗೆದರು, ಬೆಟ್ಟದ ಗಾಳಿ ಒಳಗೆ ನುಗ್ಗಿ ಬಾಳೆಲೆಗಳನ್ನು ಮಗುಚಿಹಾಕಿತು. ಎ.ಸಿ. ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಗಮನಿಸಲೇ ಇಲ್ಲ. ಮಾಲೀಕರು ಕೊನೆಯ ಕಂತನ್ನು ತಡೆಯಲು ಭಾವ ಬಿಡಲಿಲ್ಲ. ಅಷ್ಟು ಮಾತ್ರ ನಾನು ಹೇಳಿ ಮಾಡಿಸಿದೆ.

ಸೋಮವಾರ ನಾಲ್ಕನೆಯದೂ ಮುಗಿಯಿತೆಂದು ಹುಡುಗ ಫೋನು ಮಾಡಿ ತಿಳಿಸಿದ. ಮಂಗಳವಾರ ಮದುವೆಯ ಲಾಡು, ಎಲೆ-ಅಡಿಕೆ ಕಟ್ಟಿಕೊಂಡು ಅವರ ಮನೆಗೆ ಹೋದೆ. ಅದೇ ಇಳಿಜಾರು, ಅದೇ ಮೆಟ್ಟಿಲು; ಮನೆ ಮಾತ್ರ ಹೊಸದಾಗಿತ್ತು. ಅವನ ತಾಯಿ ಹಲಸಿನಹಣ್ಣು ಬಿಡಿಸುತ್ತಿದ್ದರು. ಎಣ್ಣೆ ಸವರಿದ ಕೈಯನ್ನು ಒರೆಸಿಕೊಳ್ಳುತ್ತಾ ಎದ್ದು, “ಬನ್ನಿ ಟೀಚರ್, ಎಷ್ಟು ವರ್ಷ ಆಯ್ತು ನೀವು ಈ ಕಡೆ ಬಂದು” ಎಂದು ಚಾಪೆ ಹಾಕಿದರು. ಕುಡಿಯಲು ನೀರು ಕೊಟ್ಟರು. ಮದುವೆಯ ಸುದ್ದಿ ಕೇಳಿದರು, ಮೊಮ್ಮಗನ ತುಂಟತನ ಹೇಳಿದರು. ಹೇಗೆ ಶುರು ಮಾಡುವುದೆಂದು ತಿಳಿಯದೆ ನಾನು ಲೋಟ ತಿರುಗಿಸುತ್ತಾ ಕೂತಿದ್ದೆ. ಕಡೆಗೆ, “ಆವತ್ತು ಇವನ ಫಲಿತಾಂಶ ಬಂದಾಗ ನಾನು ಬಂದು ಒಂದು ಮಾತು ಆಡಿದ್ದೆ. ಆಡಬಾರದಿತ್ತು” ಎಂದೆ.

ಅವರು ತಕ್ಷಣ ಏನೂ ಹೇಳಲಿಲ್ಲ. ಇನ್ನೊಂದು ತೊಳೆ ಬಿಡಿಸಿ, ಬೀಜ ತೆಗೆದು ಬೇರೆ ಇಟ್ಟರು.

“ಅತ್ತದ್ದು ಹೌದು ಟೀಚರ್” ಎಂದರು. ಆಮೇಲೆ ಹಣ್ಣಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.